ಛೇದ ಬೇರೆಯಾದರೆ ಮೊದಲು ಅಳತೆ ಒಂದು ಮಾಡಿ: ಭಿನ್ನರಾಶಿ ಕೂಡುವ, ಕಳೆಯುವ ಬಗೆ

ಅಚ್ಚೇರು (ಅರ್ಧ ಸೇರು) ಅಕ್ಕಿಗೆ ಒಂದು ಪಾವು (ಕಾಲು ಸೇರು) ಅಕ್ಕಿ ಸೇರಿಸಿದರೆ ಎಷ್ಟಾಯಿತು? ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಹಳೆಯ ಅಳತೆ ಬಲ್ಲ ಯಾವ ಅಜ್ಜಿಯನ್ನು ಕೇಳಿದರೂ ಮೂರು ಪಾವು ಎನ್ನುತ್ತಾರೆ. ಅದೇ ಲೆಕ್ಕವನ್ನು 1/2 + 1/4 ಎಂದು ಹಲಗೆಯ ಮೇಲೆ ಬರೆದು ಮೊಮ್ಮಗಳನ್ನು ಕೇಳಿದರೆ ಹಲವು ಸಲ ಬರುವ ಉತ್ತರ 2/6. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಬಿಟ್ಟಿದ್ದಾಳೆ. 2/6 ಎಂದರೆ ಮೂರನೇ ಒಂದು ಪಾಲು, ಅರ್ಧಕ್ಕಿಂತ ಕಡಿಮೆ. ಅರ್ಧ ಸೇರಿಗೆ ಇನ್ನಷ್ಟು ಅಕ್ಕಿ ಸುರಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆಯಾಗಲು ಹೇಗೆ ಸಾಧ್ಯ?

ಅಜ್ಜಿ ಮಾಡಿದ್ದು ಇಷ್ಟು: ಅಚ್ಚೇರನ್ನು ಮನಸ್ಸಿನಲ್ಲೇ ಎರಡು ಪಾವು ಮಾಡಿಕೊಂಡರು, ಆಮೇಲೆ ಎರಡಕ್ಕೆ ಒಂದು ಕೂಡಿದರು. ಛೇದ ಬೇರೆ ಬೇರೆ ಇರುವ ಭಿನ್ನರಾಶಿಗಳ ಕೂಡುವ, ಕಳೆಯುವ ಲೆಕ್ಕದಲ್ಲಿ ಇರುವುದು ಇದೊಂದೇ ಉಪಾಯ. ಉಳಿದದ್ದೆಲ್ಲ ಅದನ್ನು ತಪ್ಪಿಲ್ಲದೆ ಮಾಡುವ ಅಭ್ಯಾಸ.

ಮಕ್ಕಳಿಗೆ ಮೊದಲು ಹೇಳಬೇಕಾದ್ದು ಛೇದವೆಂದರೆ ಅಳತೆಯ ಹೆಸರು ಎಂದು. ಗೆರೆಯ ಕೆಳಗಿನ ಸಂಖ್ಯೆ ಪಾಲು ಯಾವ ಗಾತ್ರದ್ದು ಎನ್ನುತ್ತದೆ. ಮೇಲಿನ ಅಂಶ ಅಂಥ ಪಾಲು ಎಷ್ಟಿವೆ ಎನ್ನುತ್ತದೆ. ನಮ್ಮ ಮಾತಿನಲ್ಲೂ ಪಾಲಿನ ಹೆಸರೇ ಮೊದಲು ಬರುತ್ತದೆ: ‘ಎಂಟರಲ್ಲಿ ಮೂರು’, ‘ಮೂರನೇ ಎರಡು’. 3/8 + 2/8 ಲೆಕ್ಕ ಮೂರು ಪಾವಿಗೆ ಎರಡು ಪಾವು ಕೂಡಿದ ಹಾಗೆಯೇ. ಉತ್ತರ ಐದು ಪಾವು; ‘ಪಾವು’ ಎಂಬ ಹೆಸರನ್ನು ಯಾರೂ ಕೂಡಿಸಲು ಹೋಗುವುದಿಲ್ಲ. ಹಾಗಾಗಿ 3/8 + 2/8 = 5/8. ಕೆಳಗಿನ 8 ಹಾಗೆಯೇ ಉಳಿಯುತ್ತದೆ. ಈ ಮಾತು ಮನಸ್ಸಿನಲ್ಲಿ ಕೂತ ಮೇಲೆ 2/6 ಎಂಬ ಉತ್ತರ ಮತ್ತೆ ಬರುವುದು ಅಪರೂಪ. ಅದಕ್ಕೇ ಇಲ್ಲಿ ಎರಡು ದಿನ ಹೆಚ್ಚು ಕಳೆದರೂ ನಷ್ಟವಿಲ್ಲ. ನಿಯಮವನ್ನು ಮೊದಲೇ ಬಾಯಿಪಾಠ ಮಾಡಿಸಿದರೆ ಮಾತ್ರ ನಷ್ಟ.

ಎರಡನೆಯ ಮಾತು: ಅಳತೆಯ ಹೆಸರು ಬದಲಿಸಿದರೆ ವಸ್ತು ಬದಲಾಗುವುದಿಲ್ಲ. ಅಚ್ಚೇರು, ಎರಡು ಪಾವು, ನಾಲ್ಕು ಅರೆಪಾವು, ಎಂಟು ಚಟಾಕು ಎಲ್ಲವೂ ಅಷ್ಟೇ ಅಕ್ಕಿ. ಬರೆದರೆ 1/2 = 2/4 = 4/8 = 8/16. ಪಾಲು ಎಷ್ಟು ಪಟ್ಟು ಸಣ್ಣದಾಯಿತೋ ಎಣಿಕೆ ಅಷ್ಟೇ ಪಟ್ಟು ಹೆಚ್ಚಬೇಕು. ಆದ್ದರಿಂದ ಛೇದವನ್ನು ಯಾವ ಸಂಖ್ಯೆಯಿಂದ ಗುಣಿಸುತ್ತೀರೋ ಅಂಶವನ್ನೂ ಅದರಿಂದಲೇ ಗುಣಿಸಬೇಕು. 1/2 ಅನ್ನು ಎಂಟನೇ ಪಾಲಿಗೆ ತರುವಾಗ ಛೇದ ಮಾತ್ರ ಬದಲಿಸಿ 1/8 ಎಂದು ಬರೆದರೆ ಅಚ್ಚೇರು ಹೋಗಿ ಅರೆಪಾವು ಆಯಿತು; ಅಕ್ಕಿ ಚೆಲ್ಲಿಹೋಯಿತು.

ಎಕರೆ, ಗುಂಟೆಯಲ್ಲಿ ಒಂದು ಲೆಕ್ಕ

ಮನೆಯೊಂದಕ್ಕೆ 3/4 ಎಕರೆ ಅಡಕೆ ತೋಟ, 2/5 ಎಕರೆ ಗದ್ದೆ ಇದೆ ಎನ್ನೋಣ. ಒಟ್ಟು ಎಷ್ಟು? ಒಂದು ಎಕರೆಗೆ 40 ಗುಂಟೆ. 3/4 ಎಕರೆ 30 ಗುಂಟೆ, 2/5 ಎಕರೆ 16 ಗುಂಟೆ. ಕೂಡಿದರೆ 46 ಗುಂಟೆ, ಅಂದರೆ 1 ಎಕರೆ 6 ಗುಂಟೆ. ಮುಕ್ಕಾಲನ್ನೂ ಐದನೇ ಎರಡನ್ನೂ ಒಂದೇ ಅಳತೆಗೆ, ನಲವತ್ತನೇ ಪಾಲಿಗೆ, ತಂದದ್ದಾಯಿತು.

ಗುಂಟೆಯ ಹೆಸರಿಲ್ಲದೆ ಮಾಡುವುದಾದರೆ ಕ್ರಮ ಹೀಗೆ. 4ಕ್ಕೂ 5ಕ್ಕೂ ಶೇಷವಿಲ್ಲದೆ ಭಾಗವಾಗುವ ಅತಿ ಸಣ್ಣ ಸಂಖ್ಯೆ ಹುಡುಕಿ: 20. ಅದು ಹೊಸ ಛೇದ. 20 ÷ 4 = 5, ಆದ್ದರಿಂದ 3/4ರ ಮೇಲೂ ಕೆಳಗೂ 5ರಿಂದ ಗುಣಿಸಿ: 15/20. 20 ÷ 5 = 4, ಆದ್ದರಿಂದ 2/5ರ ಮೇಲೂ ಕೆಳಗೂ 4ರಿಂದ ಗುಣಿಸಿ: 8/20. ಈಗ ಅಂಶಗಳನ್ನು ಮಾತ್ರ ಕೂಡಿ: 23/20. ಅಂಶ ದೊಡ್ಡದಾಗಿರುವುದರಿಂದ ಒಂದು ಪೂರ್ಣ ತೆಗೆದು 1 3/20 ಎಂದು ಬರೆಯಿರಿ. (ಪೂರ್ಣಾಂಕದ ಪಕ್ಕ ಜಾಗ ಬಿಟ್ಟು ಭಿನ್ನರಾಶಿ ಬರೆದದ್ದನ್ನು ‘ಒಂದು ಪೂರ್ಣ, ಇಪ್ಪತ್ತರಲ್ಲಿ ಮೂರು’ ಎಂದು ಓದಿ.) ಎಕರೆಯ 3/20 ಎಂದರೆ 6 ಗುಂಟೆ, ಎರಡು ದಾರಿಯೂ ಒಂದೇ ಕಡೆ ಬಂದವು.

ಇಲ್ಲೇ ಒಂದು ಎಚ್ಚರಿಕೆ. ಪಹಣಿಯಲ್ಲಿ 1.20 ಎಂದಿದ್ದರೆ ಅದು 1 ಎಕರೆ 20 ಗುಂಟೆ, ಅಂದರೆ ಒಂದೂವರೆ ಎಕರೆ. ದಶಮಾಂಶದ 1.2 ಅಲ್ಲ. 1.20ಕ್ಕೆ 0.30 ಕೂಡುವಾಗ ಕ್ಯಾಲ್ಕುಲೇಟರ್ 1.50 ಎನ್ನುತ್ತದೆ. ಸರಿಯಾದ ಲೆಕ್ಕದಲ್ಲಿ 50 ಗುಂಟೆಯಲ್ಲಿ 40 ಎಕರೆಗೆ ಹೋಗಿ 2 ಎಕರೆ 10 ಗುಂಟೆ ಆಗಬೇಕು. ಪಾಲುಪಟ್ಟಿ ಬರೆಯುವಾಗ ಈ ತಪ್ಪು ನುಸುಳಿದರೆ ಮುಂದೆ ತಕರಾರಿಗೆ ದಾರಿ.

40 ಒಳ್ಳೆಯ ಸಂಖ್ಯೆ. ಅರ್ಧ, ಕಾಲು, ಐದನೇ ಪಾಲು, ಎಂಟನೇ ಪಾಲು, ಹತ್ತನೇ ಪಾಲು ಎಲ್ಲವೂ ಪೂರ್ಣ ಗುಂಟೆಯಲ್ಲಿ ಬರುತ್ತವೆ. ಆದರೆ ಮೂವರು ಮಕ್ಕಳಿಗೆ ಒಂದು ಎಕರೆ ಹಂಚಲು ಹೊರಟರೆ ತಲಾ 13 ಗುಂಟೆ ಹೋಗಿ 1 ಗುಂಟೆ ಉಳಿಯುತ್ತದೆ. ಗುಂಟೆಗೆ 16 ಆಣೆಯಂತೆ ಆಣೆಗೆ ಇಳಿದರೂ ತಲಾ 5 ಆಣೆ ಕೊಟ್ಟ ಮೇಲೆ ಮತ್ತೆ 1 ಆಣೆ ಉಳಿಯುತ್ತದೆ. ಕಾರಣ ನೋಡಿ: 40 = 2 × 2 × 2 × 5. 16ರಲ್ಲಿ ಇರುವುದೂ ಎರಡುಗಳೇ. ಎಷ್ಟು ಇಳಿದರೂ ಅಲ್ಲಿ 3 ಇಲ್ಲ, ಹಾಗಾಗಿ ಮೂರನೇ ಪಾಲು ಎಂದೂ ಪೂರ್ಣವಾಗಿ ಬರದು. ಎರಡು ಛೇದಗಳಿಗೂ ಒಗ್ಗುವ ಸಂಖ್ಯೆ ಹುಡುಕುವಾಗ ನೋಡಬೇಕಾದ್ದು ಇದನ್ನೇ: ಎರಡೂ ಛೇದಗಳ ಅವಿಭಾಜ್ಯ ಅಪವರ್ತನಗಳೆಲ್ಲ ಅದರೊಳಗೆ ಇರಬೇಕು. ಅಂಥ ಸಂಖ್ಯೆಗಳಲ್ಲಿ ಅತಿ ಸಣ್ಣದು ಲಘುತ್ತಮ ಸಾಮಾನ್ಯ ಅಪವರ್ತ್ಯ, ಶಾಲೆಯ ಮಾತಿನಲ್ಲಿ ಲ.ಸಾ.ಅ.

ಲ.ಸಾ.ಅ. ಹುಡುಕುವುದು

ಎರಡು ಸಂದರ್ಭ ಸುಲಭ. ಸಣ್ಣ ಛೇದ ದೊಡ್ಡದನ್ನು ಶೇಷವಿಲ್ಲದೆ ಭಾಗಿಸಿದರೆ ದೊಡ್ಡದೇ ಲ.ಸಾ.ಅ.; 4 ಮತ್ತು 12ಕ್ಕೆ 12. ಎರಡಕ್ಕೂ 1 ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನ ಇಲ್ಲದಿದ್ದರೆ ಎರಡರ ಗುಣಲಬ್ಧ. 4 ಮತ್ತು 5ಕ್ಕೆ 20. ತೊಡಕು ಇರುವುದು ನಡುವಿನ ಜೋಡಿಗಳಲ್ಲಿ, 12 ಮತ್ತು 18ರಂಥವುಗಳಲ್ಲಿ. ಅದನ್ನೇ ತೆಗೆದುಕೊಳ್ಳೋಣ: 5/12 + 7/18.

ಬಾಯಿಲೆಕ್ಕಕ್ಕೆ ಅತ್ಯುತ್ತಮವಾದದ್ದು ದೊಡ್ಡ ಛೇದದ ಮಗ್ಗಿ. ಹದಿನೆಂಟೊಂದ್ಲಿ ಹದಿನೆಂಟು, 12ರಿಂದ ಭಾಗವಾಗದು. ಹದಿನೆಂಟೆರಡ್ಲಿ ಮೂವತ್ತಾರು, ಆಗುತ್ತದೆ. ಮುಗಿಯಿತು, 36. ಸಣ್ಣ ಛೇದದ ಮಗ್ಗಿ ಹಿಡಿದರೂ ಸಿಗುತ್ತದೆ, ಆದರೆ ಹೆಚ್ಚು ಮೆಟ್ಟಿಲು ಹತ್ತಬೇಕು.

ಶಾಲೆಯಲ್ಲಿ ಕಲಿಸುವ ಭಾಗಾಕಾರ ಕ್ರಮ ಮೂರು ನಾಲ್ಕು ಛೇದಗಳಿದ್ದಾಗ ಒಳ್ಳೆಯದು. 12, 18 ಪಕ್ಕಪಕ್ಕ ಬರೆದು 2ರಿಂದ ಭಾಗಿಸಿದರೆ 6, 9. ಮತ್ತೆ 2ರಿಂದ 3, 9 (9 ಭಾಗವಾಗದ್ದರಿಂದ ಹಾಗೇ ಇಳಿಯುತ್ತದೆ). 3ರಿಂದ 1, 3. ಮತ್ತೆ 3ರಿಂದ 1, 1. ಎಡಗಡೆಯ ಸಂಖ್ಯೆಗಳನ್ನು ಗುಣಿಸಿ: 2 × 2 × 3 × 3 = 36. ಭಾಗವಾಗದ ಸಂಖ್ಯೆಯನ್ನು ಕೆಳಗಿಳಿಸಲು ಮರೆಯುವುದೇ ಇಲ್ಲಿನ ಸಾಮಾನ್ಯ ತಪ್ಪು.

ಮೂರನೆಯದು ನಮಗೆ ಬಹಳ ಇಷ್ಟವಾದ ಕ್ರಮ, ಕನ್ನಡ ನಾಡಿನದೇ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಇದ್ದ ಗಣಿತಜ್ಞ ಮಹಾವೀರಾಚಾರ್ಯರು ಭಿನ್ನರಾಶಿಗಳನ್ನು ಸಮಚ್ಛೇದಕ್ಕೆ ತರಲು ಲ.ಸಾ.ಅ. ಬಳಸುವ ನಿಯಮ ಹೇಳಿದ್ದಾರೆ. ಅದನ್ನು ‘ನಿರುದ್ಧ’ ಎಂದು ಕರೆದಿದ್ದಾರೆ. ಛೇದಗಳ ಸಾಮಾನ್ಯ ಅಪವರ್ತನವನ್ನೂ, ಅದರಿಂದ ಭಾಗಿಸಿದಾಗ ಬಂದ ಭಾಗಲಬ್ಧಗಳನ್ನೂ ಗುಣಿಸಿದರೆ ನಿರುದ್ಧ. 12 ಮತ್ತು 18ಕ್ಕೆ ಸಾಮಾನ್ಯ ಅಪವರ್ತನಗಳಲ್ಲಿ ದೊಡ್ಡದು 6; ಭಾಗಲಬ್ಧ 2 ಮತ್ತು 3; 6 × 2 × 3 = 36. ಇದರಲ್ಲಿ ಇನ್ನೊಂದು ಲಾಭವಿದೆ: ಯಾವ ಭಿನ್ನರಾಶಿಯನ್ನು ಯಾವುದರಿಂದ ಗುಣಿಸಬೇಕು ಎಂಬುದೂ ಜೊತೆಗೇ ಸಿಕ್ಕಿತು. 12ರ ಭಾಗಲಬ್ಧ 2, 18ರದ್ದು 3, ಅದಲುಬದಲು ಮಾಡಿ. 5/12 ಅನ್ನು 3ರಿಂದ, 7/18 ಅನ್ನು 2ರಿಂದ ಗುಣಿಸಿ. 15/36 + 14/36 = 29/36.

ಲ.ಸಾ.ಅ. ಬೇಡ, ಎರಡು ಛೇದಗಳನ್ನು ಗುಣಿಸಿಬಿಡುತ್ತೇನೆ ಎಂದರೂ ಉತ್ತರ ತಪ್ಪುವುದಿಲ್ಲ. 12 × 18 = 216; 90/216 + 84/216 = 174/216. ಈಗ 2ರಿಂದ ಭಾಗಿಸಿ 87/108, 3ರಿಂದ ಭಾಗಿಸಿ 29/36. ದೊಡ್ಡ ಸಂಖ್ಯೆಗಳನ್ನು ಹೊತ್ತು ನಡೆದು ಕೊನೆಗೆ ಇಳಿಸಬೇಕು, ಅಷ್ಟೇ. ಲ.ಸಾ.ಅ.ನಲ್ಲಿ ಎಡವುವ ಮಗುವಿಗೆ ಮೊದಲ ಕೆಲವು ವಾರ ಈ ದಾರಿಯನ್ನೇ ಬಿಟ್ಟುಕೊಡಿ. ಸರಿಯಾದ ಉತ್ತರ ಕೈಗೆ ಬಂದ ಮೇಲೆ ಹತ್ತಿರದ ದಾರಿ ತೋರಿಸಬಹುದು.

ಉತ್ತರ ಬಂದ ತಕ್ಷಣ ಅರ್ಧದ ಜೊತೆ ಹೋಲಿಸಿ ನೋಡುವ ಅಭ್ಯಾಸ ಮಾಡಿಸಿ. 5/12 ಅರ್ಧಕ್ಕಿಂತ ಸ್ವಲ್ಪ ಕಡಿಮೆ (ಅರ್ಧ ಎಂದರೆ 6/12). 7/18 ಕೂಡ ಕಡಿಮೆ (ಅರ್ಧ ಎಂದರೆ 9/18). ಎರಡೂ ಸೇರಿ ಒಂದಕ್ಕಿಂತ ಕಡಿಮೆ ಇರಬೇಕು, 29/36 ಹಾಗೇ ಇದೆ. ಮೇಲೆ ಮೇಲೆ, ಕೆಳಗೆ ಕೆಳಗೆ ಕೂಡಿದ್ದರೆ 12/30 ಬರುತ್ತಿತ್ತು. ಅದು 5/12ಕ್ಕಿಂತಲೂ ಸಣ್ಣದು; ಕೂಡಿದ ಮೇಲೆ ಕಡಿಮೆಯಾದರೆ ಲೆಕ್ಕ ಕೆಟ್ಟಿದೆ ಎಂದೇ ಅರ್ಥ.

ಕಳೆಯುವುದು

ಕ್ರಮ ಬೇರೆಯಲ್ಲ. 7/8 − 5/6: ಲ.ಸಾ.ಅ. 24; 21/24 − 20/24 = 1/24. ಇದೇ ಲೆಕ್ಕವನ್ನು ತಪ್ಪು ದಾರಿಯಲ್ಲಿ ಮಾಡಿದರೆ ಮೇಲೆ 7 − 5 = 2, ಕೆಳಗೆ 8 − 6 = 2, ಉತ್ತರ 2/2, ಅಂದರೆ ಪೂರ್ತಿ ಒಂದು. ಒಂದಕ್ಕಿಂತ ಕಡಿಮೆ ಇದ್ದದ್ದರಿಂದ ಕಳೆದರೆ ಪೂರ್ತಿ ಒಂದು ಉಳಿಯಿತು! ಛೇದ ಕಳೆಯಬಾರದು ಎಂದು ಹತ್ತು ಸಲ ಹೇಳುವುದಕ್ಕಿಂತ ಈ ಒಂದು ಲೆಕ್ಕವನ್ನು ಮಕ್ಕಳೇ ಮಾಡಿ ನೋಡಲಿ.

ನಿಜವಾದ ತೊಡಕು ಮಿಶ್ರ ಭಿನ್ನರಾಶಿಯಲ್ಲಿ. ಒಟ್ಟು 3 1/4 ಎಕರೆ ಜಮೀನಿನಲ್ಲಿ 1 2/3 ಎಕರೆ ತೋಟ, ಉಳಿದದ್ದು ಗದ್ದೆ. ಗದ್ದೆ ಎಷ್ಟು? ಲ.ಸಾ.ಅ. 12. ಆಗ 3 3/12 − 1 8/12. ಮೂರರಿಂದ ಎಂಟು ಹೋಗದು. ಇಲ್ಲಿ ಮಕ್ಕಳು ಎರಡು ಬಗೆಯಲ್ಲಿ ತಪ್ಪುತ್ತಾರೆ. ಕೆಲವರು ತಿರುಗಿಸಿ 8ರಿಂದ 3 ಕಳೆದು 2 5/12 ಎಂದು ಬರೆಯುತ್ತಾರೆ. ಇನ್ನು ಕೆಲವರು ಪೂರ್ಣಾಂಕದಿಂದ ಒಂದು ದಶಕ ತೆಗೆದುಕೊಳ್ಳುತ್ತಾರೆ: 3 ಹೋಗಿ 2 ಆಯಿತು, ಅಂಶ 3 ಹೋಗಿ 13 ಆಯಿತು, ಉತ್ತರ 1 5/12. ಎರಡನೆಯವರು ನಿಯಮ ಬಲ್ಲ ಮಕ್ಕಳೇ. ಹತ್ತು ಸಾಲ ತರುವುದು ಬಿಡಿ-ಹತ್ತು-ನೂರರ ಲೆಕ್ಕದಲ್ಲಿ ಮಾತ್ರ ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಿಲ್ಲ. ಇಲ್ಲಿ ಅಳತೆ ಹನ್ನೆರಡನೇ ಪಾಲಿನದು. ಒಂದು ಪೂರ್ಣವನ್ನು ಚಿಲ್ಲರೆ ಮಾಡಿಸಿದರೆ ಸಿಗುವುದು ಹನ್ನೆರಡು ಪಾಲು. 3 ಹೋಗಿ 2, ಅಂಶ 3ಕ್ಕೆ 12 ಸೇರಿ 15. 2 15/12 − 1 8/12 = 1 7/12 ಎಕರೆ.

ಸಾಲ ತರುವ ಗೊಡವೆಯೇ ಬೇಡ ಎನ್ನುವವರು ಎರಡನ್ನೂ ವಿಷಮ ಭಿನ್ನರಾಶಿ ಮಾಡಿಕೊಳ್ಳಬಹುದು: 13/4 − 5/3 = 39/12 − 20/12 = 19/12 = 1 7/12. ಪೂರ್ಣಾಂಕ ಸಣ್ಣದಿದ್ದರೆ ಇದು ಚೆನ್ನ. 27 1/4ರಂಥ ಸಂಖ್ಯೆ ಬಂದರೆ ಅಂಶಗಳು ಬೆಳೆದು ಗುಣಾಕಾರದಲ್ಲೇ ತಪ್ಪಾಗುತ್ತದೆ. ಆಗ ಸಾಲ ತರುವುದೇ ಮೇಲು. ತಾಳೆ ನೋಡಲು ಉಳಿದದ್ದಕ್ಕೆ ಕಳೆದದ್ದನ್ನು ಕೂಡಿ: 1 7/12 + 1 8/12 = 2 15/12 = 3 3/12 = 3 1/4. ಸರಿ ಇದೆ. ಅಂದ ಹಾಗೆ ಈ ಗದ್ದೆ ಗುಂಟೆಯಲ್ಲಿ 1 ಎಕರೆ 23 ಗುಂಟೆ, ಮೇಲೆ ಗುಂಟೆಯ ಮೂರನೇ ಒಂದು ಪಾಲು. 12ರಲ್ಲಿ 3 ಇರುವುದರಿಂದ ಗುಂಟೆ ಇಲ್ಲೂ ಪೂರ್ಣವಾಗಿ ಬರಲಿಲ್ಲ.

ಮೂರು ಭಿನ್ನರಾಶಿಗಳಿದ್ದರೆ

ಮುಂಗಾರಿಗೆ ಮುನ್ನ ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಲೆಕ್ಕ ತೆಗೆದುಕೊಳ್ಳಿ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 200 ಲೀಟರಿನ ಡ್ರಮ್ಮಿಗೆ ತಲಾ 2 ಕೆ.ಜಿ. ಒಂದು ಡ್ರಮ್ಮಿನಲ್ಲಿ ಮೇಲಿನ ತೋಟಕ್ಕೆ 1/2, ಕೆಳಗಿನದಕ್ಕೆ 1/3, ಹಳ್ಳದ ಅಂಚಿನ ಮರಗಳಿಗೆ 1/8 ಬೇಕು. ಒಂದು ಡ್ರಮ್ ಸಾಕೇ? ಬೋರ್ಡೋವನ್ನು ಮಾಡಿದ ದಿನವೇ ಮುಗಿಸಬೇಕಾದ್ದರಿಂದ ಈ ಲೆಕ್ಕ ಮೊದಲೇ ಬೇಕು.

2, 3, 8ರ ಲ.ಸಾ.ಅ. 24. 8ರೊಳಗೆ 2 ಆಗಲೇ ಅಡಗಿದೆ, ಹಾಗಾಗಿ 2 × 3 × 8 = 48ರವರೆಗೆ ಹೋಗಬೇಕಿಲ್ಲ. 12/24 + 8/24 + 3/24 = 23/24. ಸಾಕು, ಉಳಿಯುವುದು 24 − 23, ಅಂದರೆ 1/24 ಡ್ರಮ್. 200 ಲೀಟರಿನಲ್ಲಿ ಎಂಟು ಲೀಟರಿಗಿಂತ ಸ್ವಲ್ಪ ಹೆಚ್ಚು. 1/3ರ ಬದಲು 0.33 ಎಂದು ಹಿಡಿದರೆ ಇಲ್ಲಿ ಅಷ್ಟೇನೂ ಕೆಡುವುದಿಲ್ಲ, ಆದರೆ ಶಾಲೆಯ ಲೆಕ್ಕದಲ್ಲಿ ಅದು ಸರಿ ಉತ್ತರವಲ್ಲ.

ಕೂಡುವ ಚಿಹ್ನೆಯ ಆಚೆ ಈಚೆ ಸಂಖ್ಯೆಗಳನ್ನು ಹೊಡೆದುಹಾಕುವ ತಪ್ಪು ಏಳನೇ ತರಗತಿಯ ಹೊತ್ತಿಗೆ ಶುರುವಾಗುತ್ತದೆ. 3/4 × 2/3 ರಲ್ಲಿ ಎರಡು 3ಗಳನ್ನು ಹೊಡೆಯಬಹುದು, ಅದು ಗುಣಾಕಾರ. 3/4 + 2/3 ರಲ್ಲಿ ಹೊಡೆಯಬಾರದು. ಹೊಡೆದರೆ 1/4 + 2 ಆಗಿ ಎರಡೂಕಾಲು ಬರುತ್ತದೆ. ಒಂದೊಂದೂ ಒಂದಕ್ಕಿಂತ ಸಣ್ಣದಿರುವ ಎರಡು ಸಂಖ್ಯೆ ಸೇರಿ ಎರಡನ್ನು ದಾಟುವುದುಂಟೇ? ಒಂದೇ ಭಿನ್ನರಾಶಿಯ ಮೇಲೆ ಕೆಳಗೆ ಸರಳಗೊಳಿಸುವುದಕ್ಕೆ ಮಾತ್ರ ಯಾವಾಗಲೂ ಅನುಮತಿ ಇದೆ. 6/8 + 1/4 ಬಂದರೆ ಮೊದಲೇ 6/8 ಅನ್ನು 3/4 ಮಾಡಿಕೊಂಡರೆ ಲ.ಸಾ.ಅ. ಹುಡುಕುವ ಕೆಲಸವೇ ಇಲ್ಲ.

ಅಂಕದ ಪ್ರಶ್ನೆ

ಚುರುಕಾದ ಮಗು ಒಂದು ಪ್ರಶ್ನೆ ಕೇಳಬಹುದು: ಮೊದಲ ಕಿರುಪರೀಕ್ಷೆಯಲ್ಲಿ 4ಕ್ಕೆ 3, ಎರಡನೆಯದರಲ್ಲಿ 6ಕ್ಕೆ 5 ಅಂಕ ಬಂತು, ಒಟ್ಟು 10ಕ್ಕೆ 8. ಇಲ್ಲಿ ಮೇಲೆ ಮೇಲೆ, ಕೆಳಗೆ ಕೆಳಗೆ ಕೂಡಿದ್ದೀರಲ್ಲ? ಇದನ್ನು ಗದರಿಸಿ ಸುಮ್ಮನಾಗಿಸಬೇಡಿ, ಬಹಳ ಒಳ್ಳೆಯ ಪ್ರಶ್ನೆ. ಉತ್ತರ ಇರುವುದು ‘ಪೂರ್ಣ’ ಎಂದರೆ ಯಾವುದು ಎಂಬಲ್ಲಿ. 3/4 ಎನ್ನುವಾಗ ಪೂರ್ಣ ಎಂದರೆ 4 ಅಂಕದ ಪರೀಕ್ಷೆ; 5/6 ಎನ್ನುವಾಗ 6 ಅಂಕದ್ದು; 8/10 ಎನ್ನುವಾಗ ಎರಡೂ ಸೇರಿದ 10 ಅಂಕದ್ದು. ಮೂರೂ ಬೇರೆ ಪೂರ್ಣಗಳು. ಅಲ್ಲಿ ನಡೆದದ್ದು ಅಂಕಗಳ ಕೂಡಿಕೆ, ಭಿನ್ನರಾಶಿಗಳ ಕೂಡಿಕೆಯಲ್ಲ. 8/10 ಆ ಎರಡರ ನಡುವೆ ಬಂದು ನಿಂತಿರುವುದನ್ನೂ ಗಮನಿಸಿ; ನಿಜವಾದ ಮೊತ್ತ ಎರಡಕ್ಕಿಂತಲೂ ದೊಡ್ಡದಿರಬೇಕಿತ್ತು: 9/12 + 10/12 = 19/12.

ಭಿನ್ನರಾಶಿ ಕೂಡಬೇಕಾದರೆ ಪೂರ್ಣ ಎರಡಕ್ಕೂ ಒಂದೇ ಆಗಿರಬೇಕು. ಅರ್ಧ ಎಕರೆಗೆ ಕಾಲು ಎಕರೆ ಕೂಡಬಹುದು, ಎಕರೆ ಎಲ್ಲಿ ಹೋದರೂ 40 ಗುಂಟೆಯೇ. ಆದರೆ ದೊಡ್ಡಪ್ಪನ ತೋಟದ ಅರ್ಧಕ್ಕೆ ಚಿಕ್ಕಪ್ಪನ ತೋಟದ ಕಾಲು ಕೂಡಿ ‘ಮುಕ್ಕಾಲು ತೋಟ’ ಎಂದರೆ ಅದು ಯಾರ ತೋಟದ ಮುಕ್ಕಾಲು?

ಕೈಯಲ್ಲಿ ಮಾಡಿ ತೋರಿಸಲು

ರೊಟ್ಟಿಯ ಚಿತ್ರ ಬರೆದು ಕತ್ತರಿಸುವುದು ಅರ್ಧ, ಕಾಲಿಗೆ ಸರಿ. ದುಂಡನೆಯದನ್ನು ಐದು ಸಮಪಾಲು ಮಾಡಲು ದೊಡ್ಡವರಿಗೂ ಕಷ್ಟ, ಪಾಲು ಸಮವಾಗದಿದ್ದರೆ ಪಾಠವೇ ಹಾಳು. ಅದಕ್ಕಿಂತ ಉದ್ದನೆಯ ಕಾಗದದ ಪಟ್ಟಿ ಒಳ್ಳೆಯದು. 3 ಮತ್ತು 4ರ ಲೆಕ್ಕಕ್ಕೆ 12 ಸೆಂ.ಮೀ. ಪಟ್ಟಿ ಒಂದು ಪೂರ್ಣ: 1/3 ಎಂದರೆ 4 ಸೆಂ.ಮೀ., 1/4 ಎಂದರೆ 3 ಸೆಂ.ಮೀ. ಎರಡು ತುಂಡು ಸಾಲಾಗಿ ಇಟ್ಟು ಸ್ಕೇಲಿನಲ್ಲಿ ಅಳೆದರೆ 7 ಸೆಂ.ಮೀ., 12ರಲ್ಲಿ 7. 4 ಮತ್ತು 5ಕ್ಕೆ 20 ಸೆಂ.ಮೀ. ಪಟ್ಟಿ, 6 ಮತ್ತು 8ಕ್ಕೆ 24 ಸೆಂ.ಮೀ. ಪಟ್ಟಿಯ ಉದ್ದ ಎಷ್ಟಿರಬೇಕು ಎಂದು ಮಗುವೇ ಹೇಳಲಿ. ಅದನ್ನು ಹೇಳಿತು ಎಂದರೆ ಲ.ಸಾ.ಅ. ತಾನೇ ಹುಡುಕಿತು. 3 ಮತ್ತು 4ಕ್ಕೆ 10 ಸೆಂ.ಮೀ. ಸಾಕು ಎಂದರೆ ತಿದ್ದಬೇಡಿ, ಕತ್ತರಿಸಲು ಬಿಡಿ. ಮೂರನೇ ಪಾಲು ಸ್ಕೇಲಿನ ಯಾವ ಗೆರೆಗೂ ಕೂರದಿದ್ದಾಗ ತಾನೇ ಬೇರೆ ಉದ್ದ ಕೇಳುತ್ತದೆ. ಪಟ್ಟಿ ಇಲ್ಲದಿದ್ದರೆ 24 ಅಡಕೆ ಎಣಿಸಿ ಜಗಲಿಯ ಮೇಲೆ ಹರಡಿಕೊಂಡರೂ ಆಯಿತು: 1/3ಕ್ಕೆ 8, 1/8ಕ್ಕೆ 3, ಒಟ್ಟು 24ರಲ್ಲಿ 11.

ಅಭ್ಯಾಸಕ್ಕೆ ಐದು ಲೆಕ್ಕ: 3/8 + 1/6, 5/6 − 3/10, 2 1/2 + 1 3/5, 5 − 2 3/7, 4/15 + 7/20 − 1/12.

ಉತ್ತರಗಳು ಕ್ರಮವಾಗಿ 13/24; 8/15; 4 1/10; 2 4/7; 8/15. ಎರಡನೆಯದರಲ್ಲಿ 16/30 ಬರೆದು ನಿಲ್ಲಿಸಿದ್ದರೆ ಲೆಕ್ಕ ಸರಿ, ಸರಳಗೊಳಿಸುವುದು ಬಾಕಿ. ಮೂರನೆಯದರಲ್ಲಿ 3 11/10 ಎಂದು ಬಿಟ್ಟಿದ್ದರೆ ಭಿನ್ನರಾಶಿಯೊಳಗೆ ಒಂದು ಪೂರ್ಣ ಉಳಿದುಹೋಗಿದೆ, ಅದನ್ನು ತೆಗೆದು 3ಕ್ಕೆ ಸೇರಿಸಿ. ನಾಲ್ಕನೆಯದರಲ್ಲಿ 3 3/7 ಬಂದಿದ್ದರೆ 5ರಿಂದ 2 ಮಾತ್ರ ಕಳೆದು 3/7 ಅನ್ನು ಹಾಗೇ ಇಳಿಸಿದ್ದಾರೆ; 5 ಅನ್ನು 4 7/7 ಎಂದು ಬರೆದುಕೊಂಡು ಮತ್ತೊಮ್ಮೆ ಮಾಡಿಸಿ. ಐದನೆಯದಕ್ಕೆ ಮೂರೂ ಛೇದಗಳ ಲ.ಸಾ.ಅ. 60 ಒಟ್ಟಿಗೇ ಹಿಡಿದರೆ 16 + 21 − 5 = 32, ಒಂದೇ ಸಾಲಿನಲ್ಲಿ ಮುಗಿಯುತ್ತದೆ.